ಇಂಟರ್ ಡಿಸಿಪ್ಲಿನ್ ಇನ್‌ಚಾರ್ಜ್

ನಾನು ಸೇರಿಕೊಂಡ ಕೋರ್ಸಿನ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಲು ನನಗೆ ಎರಡು ವಾರ ಹಿಡಿಯಿತು. ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ ಇವನ್ನು ಬೇರೆ ಬೇರೆ ಮಾಡದೆ ಒಟ್ಟಿಗೆ ಕಲಿಸುವುದು ಹೇಗೆ ಎಂದು ಕೆಲಸದಲ್ಲಿರುವ ಶಿಕ್ಷಕರಿಗೆ ಆನ್‌ಲೈನಿನಲ್ಲಿ ಹೇಳಿಕೊಡುವ ಎರಡು ವರ್ಷದ ಸ್ನಾತಕೋತ್ತರ ಪದವಿ ಅದು. ಹೆಸರು ಶುರುವಾಗುವುದೇ 'ಇಂಟರ್‌ಡಿಸಿಪ್ಲಿನರಿ' ಎಂಬ ಮಾತಿನಿಂದ. ಆ ಒಂದು ಮಾತು ನನ್ನನ್ನು ಐದು ವಾರ ಶಾಲೆಯ ಗೇಟಿನಲ್ಲಿ ನಿಲ್ಲಿಸಿತು.

ತರಗತಿ ಶನಿವಾರ ಸಂಜೆ. ಸೇಲಂನಲ್ಲಿ ನಮ್ಮದು ನೇಯ್ಗೆಯ ಮನೆ. ಮುಂದಿನ ಕೋಣೆ ಮಗ್ಗದ್ದು, ಹಿಂದಿನದು ನಮ್ಮದು. ಮೊದಲ ದಿನವೇ ನನ್ನ ಮೈಕು ತೆರೆದಿತ್ತು. ಪುಸ್ತಕದ ಕಪಾಟಿನ ಮುಂದೆ ಕೂತಿದ್ದ ಪ್ರೊಫೆಸರ್ ಮೇಡಂ ಹುಬ್ಬು ಗಂಟಿಕ್ಕಿ, ಯಾರೋ ಫ್ಯಾಕ್ಟರಿಯೊಳಗೆ ಕೂತಿದ್ದೀರಿ, ದಯವಿಟ್ಟು ಮ್ಯೂಟ್ ಮಾಡಿ ಎಂದರು. ಫ್ಯಾಕ್ಟರಿಯಲ್ಲ ಮೇಡಂ, ನಮ್ಮಮ್ಮನ ಕೈಮಗ್ಗ ಎಂದೆ. ಅವರ ಮುಖ ಅರಳಿತು. ಹಾಗಾದರೆ ಅನ್‌ಮ್ಯೂಟ್ ಮಾಡಿ, ಎಲ್ಲರೂ ಕೇಳಲಿ, ನಿಮ್ಮ ಪ್ರಾಜೆಕ್ಟ್ ನಿಮ್ಮ ಮನೆಯಲ್ಲೇ ಇದೆ ಎಂದರು. ಒಂದು ನಿಮಿಷದಲ್ಲಿ ಗಲಾಟೆ ಹೋಗಿ ಪರಂಪರೆಯಾಯಿತು.

ಅಮ್ಮನಿಗೆ ಹೇಳಿದೆ. ಅಮ್ಮ ಲಾಳಿಯಿಂದ ಕೈ ತೆಗೆಯಲಿಲ್ಲ.

"ಆ ಮೇಡಮ್ಮಂಗೆ ಬೇಕಂದ್ರೆ ಬಂದು ಒಂದ್ ಸೀರೆ ತಗಂಡ್ ಓಗ್ಲಿ. ಸುಮ್ಕೆ ನೋಡಾಕೆ ನಾನ್ ಮಗ್ಗ ಇಕ್ಕಿಲ್ಲ."

"ಅಮ್ಮಾ, ಇದ್ರಾಗೆ ಕಣಕ್ಕು ಐತೆ, ಸೈನ್ಸ್ ಐತೆ ಅಂತಾರೆ." ಕಣಕ್ಕು ಎಂದರೆ ನಮ್ಮ ಕಡೆ ಗಣಿತ.

"ಐತೇನೋ. ನಂಗೆ ಮೊಣಕಾಲ್ ನೋವೂ ಐತೆ, ಅದ್ನೂ ಬರ್ಕಾ."

ಹೀಗೆ ಮಗ್ಗ ಕೈತಪ್ಪಿತು. ಸಹಪಾಠಿಗಳಿಗೆ ಇಂಥ ಕಷ್ಟವಿರಲಿಲ್ಲ. ಎಲ್ಲರ ಪ್ರಾಜೆಕ್ಟುಗಳನ್ನು ಹಾಕಿಡುವ ಫೋಲ್ಡರನ್ನು ತೆರೆದು ಲೆಕ್ಕ ಹಾಕಿದೆ: ಕೋಲಂ ರಂಗೋಲಿಯ ಚುಕ್ಕಿಗಳು ಹನ್ನೊಂದು, ಇಡ್ಲಿ ಹಿಟ್ಟು ಉಬ್ಬುವುದು ನಾಲ್ಕು, ಗಾಳಿಪಟ ಮೂರು. ಎಲ್ಲದಕ್ಕೂ ಒಂದೇ ಮೆಚ್ಚುಗೆ, ಒಂದೇ ಬಣ್ಣದ ಹೃದಯ.

ಈ ಲೆಕ್ಕವೆಲ್ಲ ನನ್ನ ದಿನಚರಿಯಲ್ಲಿದೆ. ಬರೆಯುವುದು ಕನ್ನಡದಲ್ಲಿ, ಅಕ್ಷರ ಕಲಿಸಿದ್ದು ತಾತ. ನಮ್ಮ ಮನೆಯ ಉಳಿದವರು ಕನ್ನಡ ಆಡುತ್ತಾರೆ, ಓದುವುದು ತಮಿಳು. ಶಾಲೆಯಲ್ಲೂ ಅಷ್ಟೇ. ಸ್ಟಾಫ್ ರೂಮಿನ ಮೇಜಿನ ಮೇಲೆ ದಿನಚರಿ ತೆರೆದಿಟ್ಟು ಹೋದರೂ ಯಾರಿಗೂ ಏನೂ ಆಗುವುದಿಲ್ಲ, ನನಗೂ ಏನೂ ಆಗುವುದಿಲ್ಲ.

ಶಾಲೆ ಇರುವುದು ಪಾಪಿರೆಡ್ಡಿಪಟ್ಟಿಯಿಂದ ಆಚೆ ಒಂದು ಹಳ್ಳಿಯಲ್ಲಿ. ನಾನಲ್ಲಿ ಗಣಿತದ ಟೀಚರ್. ಹೆಡ್ಮಾಸ್ಟರು ಕಾರಿಮಂಗಲಂ ಕಡೆಯ ಒಕ್ಕಲು ಮನೆತನದವರು, ಮನೆಮಾತು ಕನ್ನಡ. ಆದರೆ ಶಾಲೆಯೊಳಗೆ ಅವರು ತಮಿಳು ಬಿಟ್ಟು ಮಾತಾಡುವುದಿಲ್ಲ. ನನ್ನನ್ನು ಕಂಡು ಅವರು ಕನ್ನಡಕ್ಕೆ ತಿರುಗಿದರೆಂದರೆ ನನ್ನ ತಲೆಗೆ ಏನೋ ಬಂತು ಎಂದೇ ಅರ್ಥ. ಆ ವರ್ಷ ಅಲ್ಲಿಯವರೆಗೆ ನಾಲ್ಕು ಸಲ ಕನ್ನಡ ಮಾತಾಡಿದ್ದರು. ನನ್ನ ಬಳಿ ಇದ್ದ ಹೆಚ್ಚುವರಿ ಕೆಲಸಗಳೂ ನಾಲ್ಕು.

ಎರಡನೇ ಸೆಮಿಸ್ಟರಿನಲ್ಲಿ ವಿಶ್ವವಿದ್ಯಾಲಯದಿಂದ ಒಂದು ಪತ್ರ ಬಂತು. ಆರು ವಾರ ಸ್ವಂತ ಶಾಲೆಯಲ್ಲಿ ಇನ್ನೊಂದು ವಿಷಯದ ಶಿಕ್ಷಕರ ಜೊತೆ ಸೇರಿ ಪಾಠ ಮಾಡಬೇಕು, ಅದರ ವಿಡಿಯೊ ಕಳಿಸಬೇಕು, ಕೊನೆಗೆ ಹೆಡ್ಮಾಸ್ಟರರ ಸಹಿ ಮತ್ತು ಶಾಲೆಯ ಸೀಲು ಬೇಕು. ಸಹಿ ಇಲ್ಲದಿದ್ದರೆ ಸೆಮಿಸ್ಟರ್ ಲೆಕ್ಕಕ್ಕಿಲ್ಲ. ಮುಂದಿನ ವರ್ಷ ಮತ್ತೆ ಮೊದಲಿನಿಂದ. ಪತ್ರ ಹಿಡಿದುಕೊಂಡು ಹೆಡ್ಮಾಸ್ಟರರ ರೂಮಿಗೆ ಹೋದೆ. ಅವರು ಬೆರಳಿಟ್ಟು ಓದಿದರು.

"ಇಂಟರ್... ಡಿಸಿಪ್ಲಿನ್..." ಬೆರಳು ಅಲ್ಲೇ ನಿಂತಿತು. ಕನ್ನಡಕ ಹಣೆಗೆ ಏರಿತು. ಭಾಷೆ ಬದಲಾಯಿತು. "ಏನಮ್ಮಾ, ಇದ್ನ ಮೊದ್ಲೇ ಯೋಳ್ಬಾರ್ದಾ? ನಮ್ ಇಸ್ಕೂಲ್ಗೆ ಬೇಕಾಗಿರೋದೇ ಇದು!"

"ಸಾರ್, ಇಲ್ಲಿ ಡಿಸಿಪ್ಲಿನ್ ಅಂದ್ರೆ ಸಬ್ಜೆಕ್ಟು. ಎಲ್ಡು ಮೂರು ಸಬ್ಜೆಕ್ಟ್ ಸೇರ್ಸಿ ಪಾಠ ಮಾಡೋದು. ಒಂದೆರಡು ಪೀರಿಯಡ್ ಆಚೆ ಈಚೆ ಮಾಡ್ಕೊಟ್ರೆ..."

"ಸಬ್ಜೆಕ್ಟ್ ಯೋಳ್ಕೊಡಾಕೆ ಬೇಕಾದಷ್ಟ್ ಜನ ಅವ್ರೆ. ಡಿಸಿಪ್ಲಿನ್‌ಗೆ ಆಳಿಲ್ಲ. ಟೈಮ್‌ಟೇಬಲ್ ಮಾತ್ರ ಮುಟ್ಟಾಂಗಿಲ್ಲ, ಅದು ಫ್ರೇಮ್ ಆಕ್ಸಿ ಗೋಡೆಗೆ ನೇತಾಕೈತೆ. ನಾಳೆಯಿಂದ ಗೇಟ್ ನಿಂದು. ಆರ್ ವಾರ ಆಗ್ಲಿ, ಸೈನ್ ಆಕ್ತೀನಿ."

ಐದನೇ ಸಲ, ಐದನೇ ಕೆಲಸ.

ಗೇಟಿನ ನಿಯಮ ಸರಳ. ಪ್ರೇಯರ್ ಗಂಟೆ ಹೊಡೆದ ಕೂಡಲೇ ಬೀಗ. ಆಮೇಲೆ ಬಂದವರು ಮೊದಲ ಪೀರಿಯಡ್ ಮುಗಿಯುವವರೆಗೆ ಹೊರಗೆ. ಇನ್‌ಚಾರ್ಜ್ ಟೀಚರ್ ಒಳಗೆ ನಿಂತು ಅವರ ಹೆಸರು ಬರೆದುಕೊಳ್ಳಬೇಕು. ಲೇಟಾಗಿ ಬರುವವರೆಲ್ಲ ಬೆಟ್ಟದ ತಪ್ಪಲಿನ ಊರುಗಳವರು, ಮನೆಯಲ್ಲಿ ನಮ್ಮಂತೆ ಕನ್ನಡ ಆಡುವವರು. ಆ ಕಡೆಯಿಂದ ಬರುವುದು ಒಂದೇ ಟೌನ್ ಬಸ್ಸು, ಅದು ಬರುವುದು ಗಂಟೆ ಹೊಡೆದ ಮೇಲೆ. ಅದಕ್ಕಿಂತ ಮುಂಚಿನದು ಕೋಳಿ ಕೂಗುವ ಹೊತ್ತಿಗೆ ಹೊರಡುತ್ತದೆ. ಇದನ್ನು ಹೆಡ್ಮಾಸ್ಟರಿಗೆ ಹೇಳಿದಾಗ, ಬಸ್ಸು ಸರ್ಕಾರದ್ದು, ಡಿಸಿಪ್ಲಿನ್ ನಮ್ಮದು ಎಂದು ತಮಿಳಿನಲ್ಲಿ ತೀರ್ಪು ಕೊಟ್ಟರು. ಅವರ ಸ್ಕೂಟರ್ ಬಸ್ಸಿನ ಹಿಂದೆಯೇ ಬರುತ್ತಿತ್ತು. ಅದಕ್ಕೆ ಮಾತ್ರ ಗೇಟು ತೆರೆಯಬೇಕಾಗಿತ್ತು.

ಬಸ್ಸಿನ ಹನ್ನೊಂದು ಮಕ್ಕಳಲ್ಲಿ ಒಂಬತ್ತು ಎಂಟನೇ ತರಗತಿಯವರು. ಎಂಟನೇ ತರಗತಿಗೆ ಮೊದಲ ಪೀರಿಯಡ್ ಗಣಿತ. ಗಣಿತಕ್ಕೆ ನಾನು. ನಾನು ಗೇಟಿನಲ್ಲಿ. ಹಾಗಾಗಿ ಮಕ್ಕಳು ಗಣಿತದ ಟೀಚರ್ ಇಲ್ಲದ ಕೋಣೆಯಲ್ಲಿ, ಇನ್ನಷ್ಟು ಮಕ್ಕಳು ಕೋಣೆ ಇಲ್ಲದ ಟೀಚರ್ ಎದುರಿಗೆ. ಒಳಗಿನವರನ್ನು ಕಾಯಲು ಡ್ರಿಲ್ ಸಾರ್ ಬಂದರು. ಅವರಿಗೆ ಗೊತ್ತಿದ್ದ ಗಣಿತ ಒಂದೇ: ಕೈಕಟ್ಟು, ಬಾಯಿಗೆ ಬೆರಳು.

ಮೂರನೇ ದಿನ ಸುಮ್ಮನೆ ನಿಂತು ಬೇಸರವಾಗಿ ಗೇಟನ್ನೇ ನೋಡಿದೆ. ನಿಂತ ಕಂಬಿ ಒಂಬತ್ತು, ಅಡ್ಡ ಕಂಬಿ ಐದು. ಗ್ರಾಫ್ ಕಾಗದಕ್ಕೆ ಹಸಿರು ಬಣ್ಣ ಬಳಿದು ಬೀಗ ಹಾಕಿದಂತಿತ್ತು. ಮುಂದಿದ್ದ ಹುಡುಗಿಗೆ ಜಡೆಯ ರಿಬ್ಬನ್ ಬಿಚ್ಚು ಎಂದೆ. ರಿಬ್ಬನ್ ಇಲ್ಲದ ಜಡೆಯೂ ಅಪರಾಧ, ಅದರ ಇನ್‌ಚಾರ್ಜೂ ನಾನೇ. ಅವಳು ಒಂದು ಗಳಿಗೆ ಅನುಮಾನಿಸಿ ಬಿಚ್ಚಿದಳು.

"ನಿಂತ ಕಂಬಿ ಮೂರು, ಅಡ್ಡ ಕಂಬಿ ಎರಡು. ಎರಡೂ ಸೇರೋ ಜಾಗದಲ್ಲಿ ಕಟ್ಟು."

ಕಟ್ಟಿದಳು. ನನ್ನ ಕಡೆಯಿಂದ ನೋಡಿದರೆ ಬೇರೆಲ್ಲೋ ಇತ್ತು.

"ಅಲ್ಲ ಕಣೇ, ಮೂರು ಅಂದ್ನಲ್ಲ."

"ಸರಿಯಾಗೇ ಕಟ್ಟಿವ್ನಿ ಟೀಚರ್. ನೀವ್ ಒಳ್ಗಡೆಯಿಂದ ಎಣಿಸ್ತೀರಾ. ನಿಮ್ ಏಳು ನಮ್ಗೆ ಮೂರು."

"ಟೀಚರ್ ಕಡೆಯಿಂದಾನೇ ಎಣಿಸ್ಬೇಕು ಲೇ," ಎಂದ ಹಿಂದಿನಿಂದ ಒಬ್ಬ.

"ಯಾಕ್ಲಾ? ಗೇಟ್ ಆಕಿದ್ದೂ ಅವ್ರೇ, ಎಣಿಸೋದಾದ್ರೂ ನಮ್ ಕಡೆಯಿಂದ ಇರ್ಲಿ!"

ಇಂಥ ಜಗಳ ನನ್ನ ಕ್ಲಾಸಿನಲ್ಲಿ ಎಂದೂ ಆಗಿರಲಿಲ್ಲ. ಸೊನ್ನೆ ಎಲ್ಲಿಂದ ಶುರು ಎಂದು ಅಲ್ಲಿಯವರೆಗೆ ಯಾವ ಮಗುವೂ ಕೇಳಿರಲಿಲ್ಲ. ಪುಸ್ತಕದಲ್ಲಿ ಅದು ಅಚ್ಚಾಗಿಯೇ ಬರುತ್ತದೆ. ಕೊನೆಗೆ ಗೇಟಿನ ಕೆಳಗಿನ ಕೀಲನ್ನು ಸೊನ್ನೆ ಎಂದು ಒಪ್ಪಿಕೊಂಡೆವು. ಕೀಲು ಒಳಗಿನವರಿಗೂ ಅದೇ, ಹೊರಗಿನವರಿಗೂ ಅದೇ.

ಮರುದಿನ ಹೊರಗೆ ಹದಿನಾರು ಜನ ಇದ್ದರು. ಆಮೇಲೆ ಇಪ್ಪತ್ತು. ಬಸ್ಸಿಗೂ ಇದಕ್ಕೂ ಸಂಬಂಧವಿರಲಿಲ್ಲ. ಶಾಲೆಯ ಹಿಂದಿನ ಬೀದಿಯ ಮಕ್ಕಳು ಟೀ ಅಂಗಡಿಯ ಮರೆಯಲ್ಲಿ ನಿಂತು, ಬೀಗ ಬಿದ್ದ ಸದ್ದು ಕೇಳಿದ ಮೇಲೆ ಉಸಿರುಗಟ್ಟಿ ಓಡಿಬರುತ್ತಿದ್ದರು. ನಾನು ಅವರ ಹೆಸರುಗಳನ್ನೂ ಬರೆದುಕೊಂಡೆ. ನನ್ನ ಕೆಲಸ ಅದೇ ತಾನೆ.

ನಾಲ್ಕನೇ ವಾರ ವಿಡಿಯೊ ಕಳಿಸಿದೆ. ಡ್ರಿಲ್ ಸಾರ್ ನನ್ನ ಫೋನು ಹಿಡಿದಿದ್ದರು. ಅರ್ಧ ಭಾಗ ಆಕಾಶ ಬಂದಿದೆ. ಪ್ರೊಫೆಸರ್ ಮೇಡಂ ಉತ್ತರ ಬರೆದರು: ಲೋಹದ ಚೌಕಟ್ಟನ್ನು ಕಲಿಕೆಯ ಸಾಧನವಾಗಿ ವಿನ್ಯಾಸ ಮಾಡಿದ್ದು ಮೆಚ್ಚುವಂಥದ್ದು, ಮಕ್ಕಳನ್ನು ಹೊರಗೂ ಶಿಕ್ಷಕಿಯನ್ನು ಒಳಗೂ ಇಟ್ಟು ಅಧಿಕಾರದ ಸಂಬಂಧವನ್ನು ಪ್ರಶ್ನಿಸಿದ್ದು ದಿಟ್ಟ ಪ್ರಯೋಗ, ಗಣಿತ ಕಾಣುತ್ತಿದೆ, ಆದರೆ ತಂತ್ರಜ್ಞಾನ ಎಲ್ಲಿ? ನಾನು ಒಂದೇ ಪದ ಬರೆದೆ: ಬೀಗ. ಅದಕ್ಕೂ ಅಂಕ ಬಂತು. ಕೆಳಗೆ ಸಣ್ಣ ಅಕ್ಷರದಲ್ಲಿ, ಈ ಅಂಕಗಳು ಮುಖ್ಯೋಪಾಧ್ಯಾಯರ ಸಹಿಗೆ ಒಳಪಟ್ಟಿವೆ ಎಂದಿತ್ತು. ಅಮ್ಮನಿಗೆ ಓದಿ ಹೇಳಿದೆ.

"ಬೀಗಕ್ಕೂ ಮಾರ್ಕಾ? ಅಂಗಾದ್ರೆ ಬೀರು ಫೋಟೋನೂ ಕಳ್ಸು."

ಐದನೇ ವಾರದ ಕೊನೆಗೆ ಡ್ರಿಲ್ ಸಾರ್ ಗೇಟಿನವರೆಗೆ ನಡೆದುಬಂದರು. ಅವರು ಆಡುವುದು ತಮಿಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಟೀಚರ್, ಒಳಗೆ ನಾಲ್ಕೇ ಜನ ಇದ್ದಾರೆ. ಅವರೂ ನಾಳೆ ಲೇಟಾಗಿ ಬರಲಾ ಸಾರ್ ಅಂತ ಪರ್ಮಿಷನ್ ಕೇಳ್ತಿದ್ದಾರೆ."

ಅವರು ಹೇಳಿ ಮುಗಿಸುವಷ್ಟರಲ್ಲಿ ಹೆಡ್ಮಾಸ್ಟರರ ಸ್ಕೂಟರ್ ಬಂತು. ಅಲ್ಲಿಯವರೆಗೆ ಮಕ್ಕಳು ಸರಿದು ದಾರಿ ಬಿಡುತ್ತಿದ್ದರು, ಅಂದು ಸರಿಯಲು ಜಾಗವಿರಲಿಲ್ಲ. ಗೇಟಿನ ತುಂಬ ಮಕ್ಕಳು, ಕಂಬಿಗಳ ತುಂಬ ಕೆಂಪು ರಿಬ್ಬನ್. ಅವರು ತಮ್ಮ ಶಾಲೆಯ ಹೊರಗೆ ಹಾರ್ನ್ ಒತ್ತುತ್ತ ನಿಂತರು.

"ಎನ್ನ ಟೀಚರ್ ಇದು, ಸಂದೆಯಾ?" ಎಂದು ತಮಿಳಿನಲ್ಲೇ ಸಿಡಿದರು. ಇದೇನು ಸಂತೆಯಾ ಎಂದು. ಲೇಟ್ ರಿಜಿಸ್ಟರ್ ತರಿಸಿ ನೋಡಿದರು. ನಾನು ಗೇಟಿಗೆ ಬರುವ ಮುಂಚೆ ಹನ್ನೊಂದು, ಈಗ ಮೂವತ್ತನಾಲ್ಕು. ಡಿಸಿಪ್ಲಿನ್ ಓದುತ್ತಿರುವವರು ನೀವು, ಅದನ್ನೇ ಮೂರು ಪಟ್ಟು ಹಾಳು ಮಾಡಿದ್ದೀರಿ, ಇದಕ್ಕೆ ನಾನು ಸಹಿ ಹಾಕಲೇ ಎಂದರು. ಒಂದು ವಾರದೊಳಗೆ ಲೇಟ್ ಸೊನ್ನೆಯಾದರೆ ಸಹಿ, ಇಲ್ಲದಿದ್ದರೆ ಇಲ್ಲ.

ಅಂದು ಸಂಜೆ ಮಂಜವಾಡಿ ಕಣಿವೆಯ ತಿರುವುಗಳಲ್ಲಿ ಬಸ್ಸು ಹೊರಳುವಾಗ ಯೋಚಿಸಿದೆ. ಬೀಗ ತೆಗೆದುಬಿಟ್ಟರೆ ಮುಗಿಯಿತು, ಆದರೆ ಅದು ಡಿಸಿಪ್ಲಿನ್ ಅಲ್ಲ. ಬಸ್ಸನ್ನು ಬೇಗ ಓಡಿಸಲು ನನ್ನಿಂದಾಗದು. ಪಾಠ ನಿಲ್ಲಿಸಿದರೆ ಉಳಿದವರು ಒಳಗೆ ಹೋಗುತ್ತಾರೆ, ಬಸ್ಸಿನವರು ಹೊರಗೇ ಉಳಿಯುತ್ತಾರೆ, ರಿಜಿಸ್ಟರಿನಲ್ಲೂ ಉಳಿಯುತ್ತಾರೆ. ಆಗ ಡ್ರಿಲ್ ಸಾರ್ ವರ್ಷವಿಡೀ ಹಾಡುತ್ತಿದ್ದ ಒಂದೇ ರಾಗ ನೆನಪಾಯಿತು: ಊಟಕ್ಕೆ ಮುಂಚಿನ ಪೀರಿಯಡ್ ಡ್ರಿಲ್ ಇಟ್ಟಿದ್ದಾರೆ, ಬಿಸಿಲಲ್ಲಿ ಮಕ್ಕಳು ಬೀಳುತ್ತಾರೆ.

ಸೋಮವಾರ ಹೆಡ್ಮಾಸ್ಟರರ ಮುಂದೆ ಸಬ್ಜೆಕ್ಟಿನ ಮಾತೇ ಎತ್ತಲಿಲ್ಲ. ಈ ಸಲ ಕನ್ನಡಕ್ಕೆ ಮೊದಲು ತಿರುಗಿದವಳು ನಾನು.

"ಸಾರ್, ಎಂಟನೇ ಕ್ಲಾಸ್‌ಗೆ ಡ್ರಿಲ್ ಮೊದ್ಲು ಇಕ್ಕಿ, ಕಣಕ್ಕು ಊಟಕ್ಕೆ ಮುಂಚೆ ಇಕ್ಕಿದ್ರೆ ಲೇಟ್ ಅನ್ನೋದೇ ಇರಾಕಿಲ್ಲ. ಮಿಕ್ಕ ಕ್ಲಾಸಿನ ಬಸ್ ಮಕ್ಳು ಎಲ್ಡೇ, ಅವ್ರನ್ನೂ ಡ್ರಿಲ್ಲಿಗೇ ಸೇರಿಸ್ಕಂತಾರೆ. ಮೈದಾನ ಗೇಟಿಂದ ಆಚೆ ಐತಲ್ಲ, ಬಸ್ ಇಳಿದು ಅಲ್ಲಿಗೇ ಓಡ್ಬರ್ತಾರೆ. ಓಡಿದ್ದೇ ಡ್ರಿಲ್ ಆಯ್ತದೆ."

"ಟೈಮ್‌ಟೇಬಲ್ ಮುಟ್ಟಾಂಗಿಲ್ಲ ಅಂದಿವ್ನಿ."

"ಟೈಮ್‌ಟೇಬಲ್ ಯಾಕೆ ಸಾರ್ ಮುಟ್ಟೋದು? ಗ್ಲಾಸ್ ಮ್ಯಾಲೆ ಒಂದ್ ಚೀಟಿ ಅಂಟಿಸಿದ್ರೆ ಸಾಕು."

ಅವರು ಎದ್ದು ಗೋಡೆಯ ಫ್ರೇಮನ್ನು ತುಂಬ ಹೊತ್ತು ನೋಡಿದರು. ಗ್ಲಾಸು ಟೈಮ್‌ಟೇಬಲ್ ಅಲ್ಲ ಎಂಬುದು ಅವರಿಗೂ ಒಪ್ಪಿಗೆಯಾಯಿತು. ಗೋಂದು ತರಿಸಿದರು.

ಆ ವಾರ ಡ್ರಿಲ್ ಸಾರ್ ಬೆಳಗಿನ ನೆರಳಲ್ಲಿ ಮೈದಾನಕ್ಕೆ ಸುಣ್ಣದ ಪುಡಿಯಿಂದ ಅಡ್ಡ ಗೆರೆ, ಉದ್ದ ಗೆರೆ ಎಳೆದರು. ಮಕ್ಕಳಿಗೆ ಮನೆಸಂಖ್ಯೆಯಂತೆ ಒಂದೊಂದು ಜಾಗ ಕೊಟ್ಟು, ಸೀಟಿ ಊದಿದಾಗ ಅಲ್ಲಿಗೆ ಓಡಿಸಿದರು. ಸೊನ್ನೆ ಎಲ್ಲಿ ಸಾರ್ ಎಂದು ಮೊದಲ ದಿನವೇ ಯಾರೋ ಕೇಳಿದರಂತೆ. ನಾನಿರುವ ಕಡೆ ಎಂದರಂತೆ ಅವರು. ಎರಡು ವಿಷಯ, ಇಬ್ಬರು ಶಿಕ್ಷಕರು, ವಿಶ್ವವಿದ್ಯಾಲಯ ಕೇಳಿದ್ದು ಇಷ್ಟೇ. ಊಟಕ್ಕೆ ಮುಂಚೆ ನಾನು ತರಗತಿಗೆ ಹೋದರೆ ಬಸ್ಸಿನ ಒಂಬತ್ತು ಜನವೂ ಬೆಂಚಿನ ಮೇಲಿದ್ದರು. ಹಲಗೆಯ ಮೇಲೆ ಚೌಕ ಎಳೆಯುತ್ತಿದ್ದಂತೆ ರಿಬ್ಬನ್ ಹುಡುಗಿ ಕೈ ಎತ್ತಿದಳು.

"ಟೀಚರ್, ಮತ್ತೆ ಗೇಟ್ ಯಾವಾಗ ಆಕ್ತೀರಾ?"

ಶುಕ್ರವಾರ ಲೇಟ್ ಸೊನ್ನೆ. ಹೆಡ್ಮಾಸ್ಟರು ಪೆನ್ನು ತೆಗೆದು, ಶಾಲೆಯ ಹೆಸರಿದ್ದ ಕಾಗದದಲ್ಲಿ ತಾವೇ ಇಂಗ್ಲಿಷಿನಲ್ಲಿ ಬರೆದರು: ಇವರು ಆರು ವಾರ ನಮ್ಮ ಶಾಲೆಯಲ್ಲಿ ಇಂಟರ್ ಡಿಸಿಪ್ಲಿನ್ ಕಾಪಾಡಿದ್ದಾರೆ, ಲೇಟಾಗಿ ಬರುವವರು ಈಗ ಯಾರೂ ಇಲ್ಲ. ಸಹಿ ಹಾಕಿ ಸೀಲು ಒತ್ತಿದರು. ವಿಶ್ವವಿದ್ಯಾಲಯ ಅದನ್ನು ಚಕಾರವೆತ್ತದೆ ತೆಗೆದುಕೊಂಡಿತು. ಸೀಲು ದುಂಡಗಿದ್ದರೆ ಅವರಿಗೆ ಸಾಕು.

ಆದರೆ ಕಾಗದ ನನ್ನ ಕೈಗೆ ಬರುವ ಮೊದಲು ಹೆಡ್ಮಾಸ್ಟರು ಅದರ ಒಂದು ತುದಿ ಹಿಡಿದುಕೊಂಡೇ ಇದ್ದರು. ಕನ್ನಡಕ ಮೆಲ್ಲಗೆ ಹಣೆಗೆ ಏರಿತು.

"ಅಲ್ಲಮ್ಮಾ, ಪೀರಿಯಡ್ ಬದ್ಲಾಯ್ಸೋದು ಇಷ್ಟ್ ಚೆಂದಾಗಿ ಬತ್ತದಲ್ಲಾ ನಿಂಗೆ..."

ಅವರಾಗಿಯೇ ಕನ್ನಡಕ್ಕೆ ತಿರುಗಿದ್ದು ಇದು ಆರನೇ ಸಲ. ಈಗ ಟೈಮ್‌ಟೇಬಲ್ಲಿಗೂ ನಾನೇ ಇನ್‌ಚಾರ್ಜ್. ಗ್ಲಾಸಿನ ಮೇಲೆ ಹದಿನೇಳು ಚೀಟಿಗಳಿವೆ.