ಜೋಳದ ಹಿಟ್ಟಿಗೆ ಬಿದ್ದ ಕಟ್ಲಾ

ಕೊರಳಲ್ಲಿ ಲಿಂಗ, ಕೈಯಲ್ಲಿ ಗಾಳದ ಕೋಲು. ರಾಯಚೂರಿನ ನಮ್ಮ ಓಣಿಯವರಿಗೆ ನಾನೊಂದು ತಮಾಷೆ. ಈ ಹುಚ್ಚಿಗೆ ನನ್ನ ಹೆಂಡತಿ ಎರಡು ಕರಾರು ಹಾಕಿದ್ದಳು: ಗಾಳಕ್ಕೆ ಎರೆಹುಳು ಚುಚ್ಚಬಾರದು, ಹಿಡಿದ ಮೀನನ್ನು ಹೊಳೆಗೇ ಬಿಡಬೇಕು. ಹೀಗಾಗಿ ನನ್ನ ಗಾಳವೂ ಸಸ್ಯಾಹಾರಿ. ಜೋಳದ ಹಿಟ್ಟಿಗೆ ಶೇಂಗಾ ಹಿಂಡಿ, ಚೂರು ಬೆಲ್ಲ ಸೇರಿಸಿ ನಾದಿ ಉಂಡೆ ಕಟ್ಟುತ್ತೇನೆ. ಕೋಲಿನ ವಾಸ ಮಾತ್ರ ಮಾಳಿಗೆಯ ಮೇಲೆ, ನೀರಿನ ಟ್ಯಾಂಕಿನ ಪಕ್ಕ.

ಗಬ್ಬೂರು ದಾಟಿ ದೇವದುರ್ಗದ ಕಡೆ ಹೋಗುವ ಬಸ್ಸಿನಲ್ಲಿ, "ನುಗ್ಗಿಕಾಯಿ ಹರಿಯಾಕ ಹೊಂಟೀರೇನ್ರೀ?" ಎಂದು ಕಂಡಕ್ಟರ್ ಕೇಳದ ದಿನವಿಲ್ಲ. ಕೃಷ್ಣೆಯ ದಂಡೆಯ ಹಳ್ಳಿಯೊಂದರಲ್ಲಿ ನನ್ನ ಗೆಳೆಯನಿದ್ದಾನೆ, ಹುಟ್ಟಾ ಮೀನುಗಾರ. ಶ್ರಾವಣದ ಕೆಂಪು ನೀರಿನಲ್ಲಿ ಗಾಳಕ್ಕೆ ಕಸ ಸಿಗುತ್ತದೆ, ಮೀನು ಸಿಗುವುದಿಲ್ಲ. ದೀಪಾವಳಿ ಕಳೆದು ನೀರು ತಿಳಿಯಾಗಬೇಕು. ಬೇಸಿಗೆಗೆ ದೊಡ್ಡವೆಲ್ಲ ಆಳದ ಮಡು ಸೇರುತ್ತವೆ. ಇಷ್ಟನ್ನೂ ಕಲಿಸಿದವನು ಅವನೇ.

ಕಳೆದ ದೀಪಾವಳಿಯಾದ ಮೇಲೆ ಒಂದು ಬೆಳಗ್ಗೆ ಹೋದರೆ ಅವನ ಮುಖ ಬಾಡಿತ್ತು. ಮಗಳ ನಿಶ್ಚಯವಾಗಿತ್ತು, ಬೀಗರು ಅಂದು ಮೊದಲ ಸಲ ಮನೆಗೆ ಊಟಕ್ಕೆ ಬರುವವರಿದ್ದರು. ಬಲೆಗೆ ಬಿದ್ದದ್ದು ಬೆರಳುದ್ದದ ಮರಿಗಳು ಮಾತ್ರ.

"ರಾಯಚೂರಿನಿಂದ ತರಿಸೋಣಲ್ಲ?" ಎಂದೆ.

"ಮೀನುಗಾರನ ಮನ್ಯಾಗ ಕೊಂಡ ಮೀನಾ? ಬೀಗರ ಮುಂದ ನನ್ನ ಮಾನ ಕಳೀತೀರೇನ್ರೀ?"

ಅವನು ಮತ್ತೆ ಬಲೆ ಬೀಸಿದ. ನಾನು ಪಕ್ಕದ ಬಂಡೆಯ ಮೇಲೆ ಕೂತು ಹಿಟ್ಟಿನುಂಡೆ ಎಸೆದೆ. ಸ್ವಲ್ಪ ಹೊತ್ತಿಗೆ ರೀಲು ಗಿರ್ರೆಂದು ತಿರುಗಿತು. ಎಳೆದರೆ ದಾರ ಹರಿಯುತ್ತದೆ, ಬಿಟ್ಟರೆ ಮೀನು ಬಂಡೆಸಂದಿಗೆ ನುಗ್ಗುತ್ತದೆ. ಅದರ ವಂಶವನ್ನೆಲ್ಲ ಬೈಯುತ್ತಾ, ಸಡಿಲ ಬಿಡುತ್ತಾ ಸುತ್ತುತ್ತಾ ದಂಡೆಗೆ ತಂದೆ. ಎರಡು ವರ್ಷದ ಕೂಸಿನಷ್ಟು ಭಾರದ ಕಟ್ಲಾ!

ಗೆಳೆಯ ಬಲೆ ಬಿಟ್ಟು ಬಂದ. ಬಗ್ಗಿ ಅದರ ಬಾಯಿಂದ ಗಾಳ ಬಿಡಿಸಿ, "ಬಿಡ್ರಿ ಹೊಳಿಗೆ. ಮನ್ಯಾಗ ಮಾತು ಕೊಟ್ಟೀರಿ" ಎಂದ.

ಅತ್ತ ದರಿ, ಇತ್ತ ಪುಲಿ. ನನಗೆ ಅವನ ಮೇಲೇ ಸಿಟ್ಟು ಬಂತು. "ಸುಮ್ನಿರಲೇ! ಬೀಗರು ಬರೋ ಹೊತ್ತಾತು, ಮನಿಗೆ ಒಯ್ಯಿ" ಎಂದು ಗದರಿಸಿದೆ.

ಪಂಕ್ತಿಯಲ್ಲಿ ನನಗೆ ರೊಟ್ಟಿ, ಬದನೆಕಾಯಿ. ಬೀಗರು ಬೆರಳು ನೆಕ್ಕುತ್ತಾ, "ಇಷ್ಟು ದೊಡ್ಡದು ಹ್ಯಾಂಗ ಸಿಕ್ತು?" ಎಂದರು. ಗೆಳೆಯ ನನ್ನ ಮುಖ ನೋಡಿದ, ನಾನು ಬದನೆಕಾಯಿ ನೋಡಿದೆ. ಅವನ ಮಗಳು ಒಳಗೆ ನಗುತ್ತಿದ್ದುದು ಕೇಳಿಸಿ ಬಹಳ ಖುಷಿಯಾಯಿತು.

ಬಸ್ಸಿನುದ್ದಕ್ಕೂ ಸುಳ್ಳು ಹೆಣೆದೆ. ಮನೆಗೆ ಬಂದು ಹೆಂಡತಿಯನ್ನು ಕಂಡೊಡನೆ ಎಲ್ಲ ಮರೆತು ನಿಜ ಒದರಿಬಿಟ್ಟೆ. ಅವಳು ನನ್ನ ಕೈಯ ಕೋಲನ್ನೇ ನೋಡಿದಳು. ಕೋಲಿನ ಕಥೆ ಇವತ್ತಿಗೆ ಮುಗಿಯಿತು ಅಂದುಕೊಂಡೆ.

"ಬಂದೋರು ಎಷ್ಟು ಮಂದಿ?" ಎಂದಳು.

"ಹನ್ನೊಂದು."

"ಎಲ್ಲಾರಿಗೂ ಸಾಕಾತೇನ್ರೀ?"