ಗುಣ್ಯಾ ಬಿದ್ದ ದಿನ

ನನ್ನ ಮೊಮ್ಮಗಳು ಹುಟ್ಟಿದ ದಿನವೇ ನಾನು ಒಬ್ಬ ಮನುಷ್ಯನ ಅನ್ನಕ್ಕೆ ಕಲ್ಲು ಹಾಕಿದೆ. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಲು ನನಗೆ ಬರುವುದಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ಮರಾಠಿ ಸೀಮೆಯ ಕೊಂಢವಾದಲ್ಲಿ, ತಗಡು ಹೊದಿಸಿದ ವರ್ಕ್‌ಶಾಪಿನಲ್ಲಿ ನಾನು ಹೆಲ್ಪರ್. ಓದಿದ್ದು ಮೂರನೇ ಇಯತ್ತೆ. ಡ್ರಾಯಿಂಗ್ ಓದಲು ಬಾರದವನು ತಲೆ ನೆರೆತರೂ ಹೆಲ್ಪರೇ. ಡೈ, ಅಂದರೆ ಉಕ್ಕಿನ ಅಚ್ಚು, ಮಾಡುವ ದೊಡ್ಡ ಮಿಸ್ತ್ರಿ ಬಿಟ್ಟುಹೋಗಿದ್ದ. ಸಾವ್ಕಾರರು ಬೆಳಗಾವಿ ಕಡೆಯ ನಮ್ಮವರೇ. ಹೊಸ ಮಿಸ್ತ್ರಿಗಾಗಿ ದಿನವೂ ಜನರನ್ನು ಕರೆಸಿ ಪರೀಕ್ಷೆ ಮಾಡುತ್ತಿದ್ದರು.

ಪರೀಕ್ಷೆ ಇಷ್ಟೇ. ಉಕ್ಕಿನ ತುಂಡನ್ನು ಅರದಿಂದ ಉಜ್ಜಿ ಮೂಲೆಗಳನ್ನು ನೇರ ಮಾಡಬೇಕು. ಆಮೇಲೆ ನಾನು ಆ ತುಂಡಿಗೆ ಗುಣ್ಯಾ ಹಚ್ಚಿ, ಅಂದರೆ ಮೂಲೆ ನೋಡುವ ಉಕ್ಕಿನ ಮಟ್ಟ ಹಚ್ಚಿ, ಕಿಟಕಿಗೆ ಎತ್ತಿ ಹಿಡಿಯಬೇಕು. ಸಂದಿಯಲ್ಲಿ ಬೆಳಕು ಕಂಡರೆ ಆ ಮನುಷ್ಯ ಮನೆಗೆ. "ಬೆಳಕ ಬಿತ್ರಿ" ಎಂದು ನಾನು ಕೂಗಿದರೆ ಮುಗಿಯಿತು. ನನಗಿಂತ ದೊಡ್ಡ ಕೆಲಸಗಾರರ ಮುಖ ಬಾಡುವುದನ್ನು ನೋಡಲು ನನಗೆ ಹಿತವಾಗಿತ್ತು.

ಆ ಬೆಳಿಗ್ಗೆ ಗುಣ್ಯಾಕ್ಕೆ ಎಣ್ಣೆ ಒರೆಸುತ್ತಿದ್ದೆ. ನೆರೆಮನೆಯವನು ಸೈಕಲ್ ಮೇಲೆ ಬಂದು ಬಾಗಿಲಲ್ಲೇ ಹೇಳಿದ: "ಕಾಕಾ, ಮಗಳು ಹಡದಾಳ. ಹೆಣ್ಣು." ಕೈ ಸಡಿಲಾಯಿತು. ಗುಣ್ಯಾ ಕಾಂಕ್ರೀಟ್ ಮೇಲೆ ಬಿತ್ತು.

ಬಿದ್ದ ಗುಣ್ಯಾವನ್ನು ನಂಬಬಾರದು, ಕೆಡವಿದವನು ಕೂಡಲೇ ಹೇಳಬೇಕು. ನಮ್ಮಲ್ಲಿ ಅದೇ ಮೊದಲ ಪಾಠ. ಆದರೆ ನನಗಿಂತ ಮೊದಲಿದ್ದ ಹೆಲ್ಪರ್ ಹೀಗೆಯೇ ಒಂದು ಸಾಮಾನು ಕೆಡವಿ, ಹೇಳಿ, ಅದೇ ದಿನ ಕೆಲಸ ಕಳೆದುಕೊಂಡು ಮನೆಗೆ ಹೋಗಿದ್ದ. ನಾನು ಅದನ್ನು ಒರೆಸಿ ಡಬ್ಬಿಯಲ್ಲಿಟ್ಟು ಪೇಢೆ ತರಲು ಓಡಿದೆ.

ಅಂದು ಬಂದವರು ಇಬ್ಬರು. ಮೊದಲನೆಯವನು ಹುಡುಗ, ಬರಿಗೈಲಿ ಬಂದಿದ್ದ. ನಮ್ಮ ಗುಣ್ಯಾವನ್ನೇ ಹಚ್ಚಿ ಹಚ್ಚಿ ನೋಡಿ ಉಜ್ಜಿದ. ಎರಡನೆಯವರು ಕಲಬುರಗಿ ಕಡೆಯವರು, ಐವತ್ತು ದಾಟಿದವರು. ಅವರ ಕಂಪನಿ ಮುಚ್ಚಿತ್ತು. ಚೀಲದಿಂದ ಎಣ್ಣೆ ಬಟ್ಟೆಯಲ್ಲಿ ಸುತ್ತಿದ ತಮ್ಮದೇ ಗುಣ್ಯಾ ತೆಗೆದರು. ಅಂಥ ಕೈಯನ್ನು ನಾನು ನೋಡಿರಲಿಲ್ಲ. ಅರದ ಸಪ್ಪಳ ಒಂದೇ ಸಮ.

ಅವರಿಗೂ ಪೇಢೆ ಕೊಟ್ಟೆ. ಮೊಮ್ಮಗಳು ಎಂದೆ.

"ಭಾಳ ಛಲೋ ಆಯ್ತ್ರಿ," ಎಂದರು. "ನನಗೂ ಒಬ್ಬಾಕಿ ಅದಾಳ್ರಿ. ತಂದಿ ಇಲ್ಲದ ಕೂಸು. ಈ ಕೆಲಸ ಸಿಕ್ರ ಇಲ್ಲೇ ಕರ್ಕೊಂಡು ಬಂದು ಸಾಲಿಗಿ ಹಾಕ್ತೀನಿ."

ಹುಡುಗನ ತುಂಡಿಗೆ ಹಚ್ಚಿದೆ, ಬೆಳಕಿಲ್ಲ. ಅವರ ತುಂಡಿಗೆ ಹಚ್ಚಿದೆ, ಕೂದಲೆಳೆಯಷ್ಟು ಬೆಳಕು.

"ಏನಾತೋ, ಹೊಸಾ ಮುತ್ಯಾ?" ಎಂದರು ಸಾವ್ಕಾರರು.

"ಬೆಳಕ ಬಿತ್ರಿ."

ಕಲಬುರಗಿಯವರು ತಮ್ಮ ಗುಣ್ಯಾ ಹಚ್ಚಿ ತೋರಿಸಿದರು. ಬೆಳಕಿಲ್ಲ. "ಸಾವ್ಕಾರ್ರ, ನಿಮ್ಮ ಗುಣ್ಯಾನೇ ತಪ್ಪ್ಯದ. ಇದನ್ನ ಇಟ್ಟು ಒಂದು ಗೆರಿ ಎಳೀರಿ, ಮಗಚಿಟ್ಟು ಇನ್ನೊಂದು ಎಳೀರಿ. ಎರಡೂ ಕೂಡಂಗಿಲ್ಲ, ನೋಡ್ರಿ."

"ನಮಗ ಸಾಲಿ ಕಲಸಾಕ ಬಂದೀರೇನ್ರಿ, ಮಾಸ್ತರ?" ಸಾವ್ಕಾರರು ನನ್ನ ಕಡೆ ತಿರುಗಿದರು. "ಖರೇ ಹೇಳ. ಇದನ್ನ ಕೆಡವಿದ್ದೇನ?"

ಆ ಮನುಷ್ಯ ನನ್ನ ಮುಖ ನೋಡಿದರು. ನನ್ನ ಬಾಯಲ್ಲಿ ಅರ್ಧ ಪೇಢೆ ಇತ್ತು.

"ಇಲ್ರಿ."

"ಕೇಳಿದ್ರಿಲ್ಲ? ಮೊಮ್ಮಗಳು ಹುಟ್ಟಿದ ದಿನಾ ಸುಳ್ಳ ಹೇಳ್ತಾನೇನ? ನಿಮ್ಮ ಕಂಪನಿ ಯಾಕ ಮುಚ್ಚಿತು ಅನ್ನೂದು ಈಗ ತಿಳೀತ ಬಿಡ್ರಿ."

ಎಲ್ಲರೂ ನಕ್ಕರು. ನಾನೂ ನಕ್ಕೆ.

ಕಲಬುರಗಿಯವರು ತಮ್ಮ ಗುಣ್ಯಾವನ್ನು ಬಟ್ಟೆಯಲ್ಲಿ ಸುತ್ತಿದರು. "ಈ ತುಂಡು ಒಯ್ಲೇನ್ರಿ?" ಎಂದು ಮೆಲ್ಲಗೆ ಕೇಳಿದರು.

"ಕಬ್ಬಿಣ ನಮ್ದೈತಿ. ಅಲ್ಲೇ ಇಡ್ರಿ."

ಸಂಜೆ ದವಾಖಾನೆಯಲ್ಲಿ ಮಗುವನ್ನು ಎತ್ತಿಕೊಂಡೆ. ಅಂಗೈ ಬೆಚ್ಚಗಾಯಿತು. ಆ ಮನುಷ್ಯನ ನೆನಪು ಒಮ್ಮೆಯೂ ಬರಲಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ. ಕೆಲಸ ಆ ಹುಡುಗನಿಗೆ ಸಿಕ್ಕಿತು. ತಿಂಗಳಾದ ಮೇಲೆ ಅವನ ಡೈಗಳು ಕೂಡಲಿಲ್ಲ. ಸಾವ್ಕಾರರು ತಾವೇ ಗೆರೆ ಎಳೆದು, ಗುಣ್ಯಾ ಮಗುಚಿ ಇನ್ನೊಂದು ಎಳೆದರು. ಎರಡೂ ಕೂಡಲಿಲ್ಲ. ಕೆಡವಿದ ಆರೋಪ ಆ ಹುಡುಗನ ಮೇಲೆಯೇ ಬಂತು. ಆಗಲೂ ನಾನು ಸುಮ್ಮನಿದ್ದೆ. ಅವನೂ ಹೋದ.

ಕಲಬುರಗಿಯವರು ಉಜ್ಜಿದ ಉಕ್ಕಿನ ತುಂಡು ಭಂಗಾರದಲ್ಲಿ, ಗುಜರಿ ರಾಶಿಯಲ್ಲಿ, ಬಿದ್ದಿತ್ತು. ಮನೆಗೆ ತಂದೆ. ಈಗ ಅದು ಮೊಮ್ಮಗಳ ಪುಸ್ತಕಗಳು ಬೀಳದಂತೆ ಆನಿಸುವ ತುಂಡು. ಅವಳು ಏಳನೇ ಇಯತ್ತೆ. ಮೂರರಲ್ಲೇ ನಿಂತವನ ಮೊಮ್ಮಗಳು. ಗಣಿತದಲ್ಲಿ ಅವಳೇ ಮೊದಲು. ಅವಳು ಹೋಂವರ್ಕ್‌ಗೆ ಕುಳಿತರೆ ನಾನು ಪಕ್ಕದಲ್ಲಿ ಸುಮ್ಮನೆ ಕೂರುತ್ತೇನೆ, ಹೊಟ್ಟೆ ತುಂಬುತ್ತದೆ.

ಮೊನ್ನೆ ಅವಳು ಕಂಪಾಸ್ ಪೆಟ್ಟಿಗೆಯ ತ್ರಿಕೋನ ಪಟ್ಟಿಯನ್ನು ಆ ತುಂಡಿಗೆ ಹಚ್ಚಿ, ದೀಪಕ್ಕೆ ಹಿಡಿದು ನೋಡಿದಳು.

"ಮುತ್ಯಾ, ಒಂಚೂರೂ ಬೆಳಕ ಬರೂದಿಲ್ಲ ನೋಡು. ಯಾರು ಮಾಡ್ಯಾರ ಇದನ್ನ?"

"ನಾನ," ಎಂದೆ.

ಅವಳ ಮುಖ ಅರಳಿತು. ಅಜ್ಜಿಗೆ ತೋರಿಸಲು ಅದನ್ನು ಎರಡೂ ಕೈಯಲ್ಲಿ ಹಿಡಿದು ಓಡಿದಳು. ನನಗೆ ಆದ ಸಂತೋಷ ಹೊಟ್ಟೆಯಲ್ಲಿ ಹಿಡಿಸಲಿಲ್ಲ.