ಮೀನಿನ ನೀರಿಗೊಂದು ಪೆಟ್ಟಿಗೆ

ಯುದ್ಧ ಮುಗಿದ ಮೇಲೆ ದಂಡು ಪ್ರದೇಶದ ಬಂಗಲೆಗಳಲ್ಲಿದ್ದ ಬಿಳಿ ದೊರೆಗಳು ಒಬ್ಬೊಬ್ಬರಾಗಿ ತಮ್ಮ ದೇಶಕ್ಕೆ ಹೊರಟರು. ಅವರು ಬಿಟ್ಟುಹೋಗುವ ಸಾಮಾನು ಹರಾಜಿಗೆ ಬರುತ್ತಿತ್ತು. ಅಂಥ ಒಂದು ಹರಾಜಿನಿಂದ ನನ್ನ ಗಂಡ ಗಾಜಿನ ತೊಟ್ಟಿಯನ್ನೂ ನಾಲ್ಕಾರು ಕೆಂಪು ಮೀನುಗಳನ್ನೂ ಜಟಕಾದಲ್ಲಿ ಹಲಸೂರಿನ ನಮ್ಮ ಮನೆಗೆ ತಂದರು.

ತಂದದ್ದು ಮಾವನವರಿಗಾಗಿ. ಜೀವಮಾನವೆಲ್ಲ ಮೇಷ್ಟರಾಗಿದ್ದವರು ಅವರು. ಲಕ್ವ ಹೊಡೆದು ಬಲಭಾಗ ಸ್ವಾಧೀನ ತಪ್ಪಿತ್ತು, ಮಾತು ಪೂರ್ತಿ ನಿಂತುಹೋಗಿತ್ತು. ದಿನವಿಡೀ ಸೂರು ನೋಡುತ್ತಾ ಮಲಗಿರುತ್ತಿದ್ದರು. ಮಂಚದ ಪಕ್ಕದಲ್ಲಿ ತೊಟ್ಟಿ ಇಟ್ಟ ದಿನ ಅವರ ಕಣ್ಣು ಒಂದು ಮೀನಿನ ಹಿಂದೆಯೇ ಆ ಬದಿಗೆ ಹೋಗಿ ಈ ಬದಿಗೆ ಬಂದಿತು. ತಿಂಗಳುಗಳ ನಂತರ ಅವರು ಏನನ್ನೋ ನೋಡುತ್ತಿದ್ದಾರೆ ಎಂದು ನನಗೆ ಅನ್ನಿಸಿದ್ದು ಅವತ್ತೇ.

ಅತ್ತೆಗೆ ಇದು ಹಿಡಿಸಲಿಲ್ಲ. "ಮಡಿ ಮನೇಲಿ ಮೀನು ತಂದಿಟ್ಟಿದಾನೆ ನೋಡು" ಎಂದು ಗೊಣಗಿ, ತೊಟ್ಟಿ ಇದ್ದ ಕಡೆ ಸೆರಗು ಕೂಡ ತಾಕದಂತೆ ಓಡಾಡುತ್ತಿದ್ದರು. ಹೀಗಾಗಿ ಮೀನಿನ ಕೆಲಸವೆಲ್ಲ ನನ್ನ ಪಾಲಿಗೆ ಬಂತು.

ಆ ಕಾಲಕ್ಕೆ ನಲ್ಲಿ ನೀರಿಗೆ ಕ್ರಿಮಿ ಕೊಲ್ಲುವ ಮದ್ದು ಹಾಕುತ್ತಿದ್ದರು. ಕೊಡದ ಬಾಯಿಗೆ ಮೂಗಿಟ್ಟರೆ ಘಾಟು ಹೊಡೆಯುತ್ತಿತ್ತು. ಹರಾಜಿನ ಮನೆಯ ಬಟ್ಲರ್ ನನ್ನ ಗಂಡನಿಗೆ, ಆ ಘಾಟು ಹೋಗುವಂತೆ ನೀರನ್ನು ಒಂದು ದಿನ ಹಿಡಿದಿಟ್ಟು ಆಮೇಲೆಯೇ ತೊಟ್ಟಿಗೆ ಹಾಕಬೇಕೆಂದು ಹೇಳಿಕೊಟ್ಟಿದ್ದ. ಯಾವುದರಲ್ಲಿ ಹಿಡಿದಿಡಬೇಕು ಎಂದು ಅವನು ಹೇಳಲಿಲ್ಲ, ಇವರೂ ಕೇಳಲಿಲ್ಲ. ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಶುದ್ಧವಾದ ಪಾತ್ರೆ ಎಂದರೆ ತಾಮ್ರದ ಹಂಡೆ. ಹುಣಸೆಹಣ್ಣು ಹಚ್ಚಿ ಉಜ್ಜಿ, ಫಳಫಳ ಹೊಳೆಯುವಂತೆ ತೊಳೆದು, ಅದರಲ್ಲೇ ನೀರು ತುಂಬಿಸಿಟ್ಟೆ.

ಆ ನೀರು ಹಾಕಿದ ಮರುದಿನ ಬೆಳಿಗ್ಗೆ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಎರಡು ಮಾತ್ರ ಮೂಲೆಯಲ್ಲಿ ಬಾಯಿ ಬಿಡುತ್ತಿದ್ದವು. ಮಾವನವರು ನನಗಿಂತ ಮೊದಲೇ ಅದನ್ನು ನೋಡಿದ್ದರು. ಅಂದು ಗಂಜಿಯ ಚಮಚ ಹಿಡಿದರೆ ಬಾಯಿ ತೆರೆಯಲಿಲ್ಲ. ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು.

ಅತ್ತೆ ಬಾಗಿಲಲ್ಲಿ ನಿಂತು ಗಂಡನನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಯಾವುದ್ರಲ್ಲಿ ಇಟ್ಟಿದ್ದೆ ನೀರು?" ಎಂದರು.

"ಹಂಡೇಲಿ."

"ಕಲಾಯಿ ಇಲ್ದೆ ತಾಮ್ರದಲ್ಲಿ ಮಜ್ಜಿಗೆ ಇಡ್ತೀವಾ ನಾವು? ಕಿಲುಬು ಬಿಡಲ್ವಾ? ನಮ್ಮ ಹೊಟ್ಟೆ ತಡ್ಕೊಳುತ್ತೆ. ಅವು ಅದರೊಳಗೇ ಉಸಿರಾಡ್ಬೇಕು ಕಣೇ."

ಹೀಗೆಂದು ಒಳಗೆ ಹೋಗಿ ತಮ್ಮ ತವರಿನ ಪಿಂಗಾಣಿಯ ಉಪ್ಪಿನಕಾಯಿ ಜಾಡಿಯನ್ನು ಖಾಲಿ ಮಾಡಿ, ಚೆನ್ನಾಗಿ ತೊಳೆದು, ಹಿಂದಿನ ದಿನ ಹೂಜಿಯಲ್ಲಿ ಹಿಡಿದಿಟ್ಟಿದ್ದ ನೀರು ತುಂಬಿಸಿ ತಂದರು. ಬದುಕಿದ್ದ ಎರಡು ಮೀನು ಅದರಲ್ಲಿ ಚೇತರಿಸಿಕೊಂಡವು. ಆದರೆ ತೊಟ್ಟಿ ತುಂಬಲು ಅಂಥ ಜಾಡಿಗಳು ಹತ್ತಾರು ಬೇಕಿತ್ತು. ಸೀಮೆಎಣ್ಣೆ ಡಬ್ಬಿಯನ್ನು ಎಷ್ಟು ತೊಳೆದರೂ ನೀರಿನ ಮೇಲೆ ಬಣ್ಣದ ಪೊರೆ ಕಟ್ಟುತ್ತಿತ್ತು. ಹೊಸ ಮಡಕೆಗಳನ್ನು ಇಟ್ಟೆವು, ನೀರು ಜಿನುಗಿ ಅಡುಗೆಮನೆಯೆಲ್ಲ ಒದ್ದೆ.

ಕೊನೆಗೆ ಅತ್ತೆಯೂ ನಾನೂ ಜಟಕಾ ಹತ್ತಿ, ಈಗ ಶಿವಾಜಿನಗರ ಎನ್ನುವ ಬ್ಲಾಕ್‌ಪಲ್ಲಿಗೆ ಹೋದೆವು. ಮಿಲಿಟರಿಯವರು ಮಾರಿದ ಸಾಮಾನನ್ನು ಗುಡ್ಡೆ ಹಾಕಿಕೊಂಡಿದ್ದ ಸಾಬರ ಅಂಗಡಿಯೊಂದಿತ್ತು. ಅಲ್ಲಿ ಪ್ಲಾಸ್ಟಿಕ್ಕಿನ ಪೆಟ್ಟಿಗೆಗಳಿದ್ದವು. ಅಲ್ಲಿಯವರೆಗೆ ಪ್ಲಾಸ್ಟಿಕ್ ಎಂದರೆ ನಮಗೆ ಬಾಚಣಿಗೆ, ಅಂಗಿಯ ಗುಂಡಿ, ಅಷ್ಟೇ. ನಾನು ಕಪ್ಪಗೆ ಗಟ್ಟಿಯಾಗಿದ್ದ, ನೋಡಲು ಅಂದವಾದ ಒಂದು ಪೆಟ್ಟಿಗೆಯನ್ನು ಎತ್ತಿಕೊಂಡೆ.

ಅತ್ತೆ ಅದರೊಳಗೆ ತಲೆ ತೂರಿಸಿ ಮೂಸಿದರು. "ಏನಿತ್ರೀ ಇದ್ರಲ್ಲಿ ಮುಂಚೆ?"

ಅಂಗಡಿಯವರಿಗೆ ನಗು ಬಂತು. "ಅಮ್ಮಾ, ಹೊಸ ಮಾಲ್ ತರ ಐತಲ್ಲ, ಯಾಕೆ ಕೇಳ್ತೀರಿ?"

"ಕೇಳ್ಬೇಕಾಗಿದೆ. ಜೀವ ಬದುಕೋ ನೀರು ಇಡ್ಬೇಕು."

ಅವರು ನಗು ನಿಲ್ಲಿಸಿದರು. "ಹಾಗಾದ್ರೆ ಇದು ಬೇಡ. ಫೋಟೋ ತೊಳೆಯೋ ಮದ್ದು ಇಡ್ತಿದ್ರು ಇದ್ರಲ್ಲಿ. ಆ ಬಿಳೀದು ನೋಡಿ, ಸಕ್ಕರೆ ಇತ್ತು, ಖುದಾ ಕಸಮ್. ಇರುವೆ ಓಡಿಸಿ ಓಡಿಸಿ ಸಾಕಾಯ್ತು ನಂಗೆ."

ಹಾಲಿನ ಬಣ್ಣದ ಅಗಲವಾದ ಆ ಪೆಟ್ಟಿಗೆಯ ಮೂಲೆಯಲ್ಲಿ ಇನ್ನೂ ಒಂದೆರಡು ಇರುವೆ ಓಡಾಡುತ್ತಿದ್ದವು. ಅದನ್ನೇ ಕೊಂಡೆವು. ಮನೆಗೆ ಬಂದು ನಾನು ಅಂಟುವಾಳದ ಕಾಯಿ ನೆನೆಹಾಕಲು ಹೋದರೆ ಅತ್ತೆ ಕೈ ಹಿಡಿದರು. ಅವರ ತವರು ಹೊಳೆದಂಡೆಯ ಹಳ್ಳಿ. ಮೀನು ಹಿಡಿಯುವವರು ಮೀನು ಮತ್ತೇರಿ ತೇಲಲೆಂದು ಅದೇ ಕಾಯಿಯನ್ನು ಅರೆದು ಮಡುವಿಗೆ ಬಿಡುವುದನ್ನು ಚಿಕ್ಕಂದಿನಲ್ಲಿ ನೋಡಿದ್ದರಂತೆ. ಬರೀ ನೀರಲ್ಲಿ ಮತ್ತೆ ಮತ್ತೆ ತೊಳೆದು ನೆರಳಲ್ಲಿ ಒಣಗಿಸಿದೆವು. ಆಮೇಲೆ ನೀರು ತುಂಬಿಸಿ ಮರುದಿನದವರೆಗೆ ಬಿಟ್ಟೆವು.

"ಕೆರೆಯಿಂದ ಯಾವ್ದಾದ್ರೂ ಸಣ್ಣ ಮೀನು ತಂದು ಮೊದ್ಲು ಬಿಟ್ಟು ನೋಡೋಣ" ಎಂದರು ನನ್ನ ಗಂಡ.

"ಕೆರೇದಾದ್ರೆ ಸಾಯ್ಬಹುದಾ?" ಎಂದರು ಅತ್ತೆ.

ಮಡಿಯಿಲ್ಲದೆ ತುಂಬಿದ ನೀರನ್ನು ಮುಟ್ಟದವರು, ಹೋಟೆಲಿನಲ್ಲಿ ಕಾಫಿಯನ್ನೂ ಕುಡಿಯದವರು ಅತ್ತೆ. ಪೆಟ್ಟಿಗೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಬೊಗಸೆಯಲ್ಲಿ ನೀರು ತೆಗೆದು ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿ ಅದನ್ನು ನಾಲಿಗೆಯ ಮೇಲೆ ಆಡಿಸಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ನುಂಗಿದರು.

"ಏನೂ ಇಲ್ಲ. ನೀರಿನ ರುಚಿನೇ. ಹಾಕು."

ನಾಲಿಗೆಗೆ ಸಿಗದ ವಿಷಗಳಿರುತ್ತವೆ ಎಂದು ನನಗೆ ಆಗಲೂ ಗೊತ್ತಿತ್ತು. ಆದರೂ ಆ ಹೊತ್ತಿನಲ್ಲಿ ನನಗೆ ಅದಕ್ಕಿಂತ ದೊಡ್ಡ ಪರೀಕ್ಷೆ ಬೇಕಾಗಲಿಲ್ಲ. ಮೀನನ್ನು ನೋಡಿ ಹೇಸುತ್ತಿದ್ದವರು ಅವರು. ಗಂಡ ಗೋಡೆಗೆ ಮುಖ ಮಾಡಿ ಮಲಗಿದ್ದನ್ನು ನೋಡಲಾರದೆ ಈ ನೀರು ಕುಡಿದಿದ್ದರು. ಪ್ರೀತಿಯ ಮಾತನ್ನು ಅವರು ಗಂಡನೊಂದಿಗೆ ಆಡಿದ್ದನ್ನು ನಾನೆಂದೂ ಕೇಳಿರಲಿಲ್ಲ.

ತೊಟ್ಟಿಯ ನೀರು ಬದಲಾಯಿತು. ಜಾಡಿಯಿಂದ ಬಿಟ್ಟ ಎರಡು ಮೀನುಗಳೂ ಆ ಬದಿಯಿಂದ ಈ ಬದಿಗೆ ಈಜತೊಡಗಿದವು. ಮಾವನವರನ್ನು ಈ ಕಡೆ ಹೊರಳಿಸಿ ಮಲಗಿಸಿದೆವು. ಅಷ್ಟು ದಿನ ಒಂದೆರಡು ಚಮಚಕ್ಕೇ ಬಾಯಿ ಮುಚ್ಚುತ್ತಿದ್ದವರು ಸಂಜೆಯ ಹೊತ್ತಿಗೆ ಬಟ್ಟಲು ಗಂಜಿ ಪೂರ್ತಿ ಕುಡಿದರು.

ಅವರಿಗೆ ಮಾತು ಮತ್ತೆ ಬರಲೇ ಇಲ್ಲ. ಆದರೆ ಅಂದಿನಿಂದ ಅತ್ತೆ ಸಂಜೆ ಮಂಚದ ಬಳಿ ಮಣೆ ಹಾಕಿಕೊಂಡು ಕೂರುತ್ತಿದ್ದರು. ಗಂಡನ ಎಡಗೈಗೆ ಚಿಟಿಕೆ ಅಕ್ಕಿಹುಡಿ ಕೊಟ್ಟು, ಮಣಿಕಟ್ಟು ಹಿಡಿದು ತೊಟ್ಟಿಯ ಮೇಲೆ ಉದುರಿಸುತ್ತಿದ್ದರು. ಬೀದಿಯಲ್ಲಿ ಯಾರ ಮನೆಗೆ ಯಾರು ಬಂದರು, ತರಕಾರಿಯವಳು ಏನೆಂದಳು ಎಂದು ಸಣ್ಣ ದನಿಯಲ್ಲಿ ಹೇಳುತ್ತಿದ್ದರು. ಮಾವನವರು ಮೀನು ನೋಡುತ್ತಾ ಕೇಳುತ್ತಿದ್ದರು. ನಾನು ಆ ಕೋಣೆಗೆ ದೀಪ ತರುವುದನ್ನು ಆದಷ್ಟು ತಡಮಾಡುತ್ತಿದ್ದೆ.